ನಂಜಪ್ಪನಿಗೆ ಇಟ್ಟ ಎಡೆ

ಎಡೆ ಇಟ್ಟರೆ ಸತ್ತವರು ಬಂದು ಉಣ್ಣುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ರೇಗುತ್ತಿತ್ತು. ಇಲಿ ತಿಂದದ್ದನ್ನು ಹಿರಿಯರ ಲೆಕ್ಕಕ್ಕೆ ಬರೆಯುತ್ತೀರಲ್ಲ ಎಂದು ಊರವರನ್ನು ಹಂಗಿಸುತ್ತಿದ್ದೆ. ನಿಮಗೂ ಹಾಗೇ ಅನ್ನಿಸಿದರೆ ನನ್ನ ತಕರಾರಿಲ್ಲ.

ಆಗ ನಾನು ತ್ಯಾಮಗೊಂಡ್ಲು ಹತ್ತಿರದ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಯುದ್ಧ ಮುಗಿದ ಮರುವರ್ಷ ಪಿತೃಪಕ್ಷದಲ್ಲಿ ನೌಕಾಪಡೆಯ ಹಿರಿಯ ಅಧಿಕಾರಿಯೊಬ್ಬ ಜೀಪಿನಲ್ಲಿ ಬಂದ. ಇಂಗ್ಲೆಂಡಿನವನು. ಯುದ್ಧದುದ್ದಕ್ಕೂ ಕಡಲಲ್ಲೇ ಇದ್ದವನು. ಶತ್ರುವಿನ ಏಟಿಗೆ ತೂತುಬಿದ್ದ ಹಡಗನ್ನು ಮುಳುಗಗೊಡದೆ ಬಂದರಿಗೆ ತಂದನೆಂದು ಪದಕ, ಬಡ್ತಿ ಎರಡೂ ಸಿಕ್ಕಿದ್ದವು. ಆ ಹಡಗಿನಲ್ಲಿ ಸತ್ತ ನಮ್ಮೂರ ನಂಜಪ್ಪನ ತಾಯಿ ಮುನಿಯಮ್ಮನನ್ನು ನೋಡಬೇಕೆಂದ. ಅವನ ಮಾತನ್ನು ಕನ್ನಡದಲ್ಲಿ ಹೇಳಲು ನಾನು ಜೊತೆಗೆ ಹೋದೆ.

ಮುನಿಯಮ್ಮ ಕೇಳಿದ್ದು ಒಂದೇ ಮಾತು. “ನನ್ ಮಗ ನರಳಿದ್ನಾ, ಸಾಮಿ?”

ಇಲ್ಲ, ಏಟು ಬಿದ್ದ ಕ್ಷಣವೇ ಹೋದ ಎಂದ. ಅಷ್ಟು ಸಾಕು ಎಂದು ಆಕೆ ಕೈಮುಗಿದಳು.

ಅವತ್ತೇ ನಂಜಪ್ಪನಿಗೆ ಮೊದಲ ಎಡೆ. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಮುದ್ದೆ, ಕೋಳಿಸಾರು, ಬೀಡಿಕಟ್ಟು ಇಟ್ಟರು. ಸತ್ತವರು ನಾಚದೆ ಉಣ್ಣಲೆಂದು ಬಾಗಿಲೆಳೆದು, ಹೊರಗಿನಿಂದ ಚಿಲಕ ಹಾಕಿ, ಎಲ್ಲರೂ ಈಚೆ ನಿಂತೆವು. ಒಳಗೆ ಯಾರೂ ಇರಲಿಲ್ಲ, ನಾನೇ ನೋಡಿದ್ದೆ.

ಒಳಗಿನಿಂದ ಬಾಗಿಲು ಬಡಿದ ಸದ್ದಾಯಿತು. ಮೊದಲು ಮೆಲ್ಲಗೆ, ಆಮೇಲೆ ಚಿಲಕ ಅದುರುವಷ್ಟು ಜೋರಾಗಿ. ಮುನಿಯಮ್ಮ ಚಿಲಕಕ್ಕೆ ಕೈಹಾಕಿದಳು. ಅಧಿಕಾರಿ ಆಕೆಯನ್ನು ತಳ್ಳಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ತೆಗೆಯಬೇಡಿ, ನೀರು ನುಗ್ಗಿದರೆ ಹಡಗೇ ಮುಳುಗುತ್ತದೆ ಎಂದು ಕಿರುಚಿದ. ಹಡಗು ಹೇಗೆ ಉಳಿಯಿತೆಂದು ನನಗೆ ಆಗ ತಿಳಿಯಿತು. ತೂತುಬಿದ್ದ ಕಡೆಯ ಕೋಣೆಯಲ್ಲಿ ನಂಜಪ್ಪ ಇನ್ನೂ ಬದುಕಿರುವಾಗಲೇ ಹೊರಗಿನಿಂದ ಬಾಗಿಲು ಹಾಕಿಸಿದ್ದ.

“ಏನಂತಾನೆ ಮೇಷ್ಟ್ರೆ?”

ಹೇಳಿದೆ. ಆಕೆ ಅಳಲಿಲ್ಲ. “ಎಷ್ಟೊತ್ತು ಬಡೀತಿದ್ದ ಅಂತ ಕೇಳಿ.”

ರಾತ್ರಿಯೆಲ್ಲ ಎಂದ. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

ಸದ್ದು ನಿಂತ ಮೇಲೆ ಬಾಗಿಲು ತೆಗೆದೆವು. ಎಲೆಯ ಮೇಲಿನದು ಹಾಗೇ ಇತ್ತು. ಮೂಲೆಮೂಲೆ ಹುಡುಕಿದೆ, ಒಂದು ಬೆಕ್ಕೂ ಸಿಗಲಿಲ್ಲ. ಬಡಿದದ್ದು ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಮರುವರ್ಷ ಮುನಿಯಮ್ಮ ಬಾಗಿಲು ತೆರೆದಿಟ್ಟೇ ಎಡೆ ಇಟ್ಟಳು. ಹೀಗಾದರೆ ಹಿರಿಯರು ಬರುವುದಿಲ್ಲವೆಂದು ನೆಂಟರು ಗದರಿದರು.

“ಬರದಿದ್ರೆ ಬ್ಯಾಡ,” ಎಂದಳು, “ನನ್ ಮಗನ ಮ್ಯಾಲೆ ನಾನು ಬಾಗ್ಲು ಹಾಕಾಕಿಲ್ಲ.”