ಇನ್ನರ್ಧ ಅಡಿ ಆಳ

ನೆಲ ಅಗೆಯುವ ಈ ಗಡಾರಿಗೆ ನಾನು ಕೊಟ್ಟದ್ದು ಮೂವತ್ತೆರಡು ರೂಪಾಯಿ. ಚಳ್ಳಕೆರೆಯ ಗುಜರಿ ಅಂಗಡಿಯ ಮೆಹಬೂಬ್ ಸಾಬರು ಹೇಳಿದ್ದು ಅರವತ್ತು. ಲಾರಿಯ ಹಳೆಯ ಆಕ್ಸಲ್ ಬಡಿದು ಮಾಡಿದ್ದು, ಕಬ್ಬಿಣವೇನೋ ಗಟ್ಟಿ, ತುದಿ ಮಾತ್ರ ಮೊಂಡು. ಆ ತುದಿಯನ್ನು ಮೂರು ಸಲ ಸವರಿ, ಏನೂ ಹೇಳದೆ ಕೆಳಗಿಟ್ಟೆ. "ತಗೊಂಡ್ ಹೋಗಕ್ಕ. ಬಾಯಿ ಮಾಡೋರ ಹತ್ರ ವ್ಯಾಪಾರ ಮಾಡಬೋದು, ನೀನು ಸುಮ್ಕೆ ನಿಂತ್ರೆ ಭಯ ಆಗ್ತೈತೆ" ಎಂದರು. ವಾಪಸು ಬರುವಾಗ ಮೊಳಕಾಲ್ಮೂರು ಬಸ್ಸಿನ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ. ಉಳಿಸಿದ್ದರಲ್ಲಿ ಒಂದಿಷ್ಟು ಅಲ್ಲೇ ಹೋಯಿತು. ಈ ಭಾಗವನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ.

ಇವತ್ತು ಬೆಳಿಗ್ಗೆ ಹೊಸ ಕಾಲೋನಿಯಿಂದ ಒಬ್ಬಾಕೆ ಬಂದು ಅದೇ ಗಡಾರಿ ಕೇಳಿದಳು. ಬಾಗಿಲ ಹಿಂದಿನಿಂದ ಎತ್ತಿಕೊಡುವಾಗ ಅಂಗೈಗೆ ತಗುಲಿದ ತಣ್ಣನೆಯ ಕಬ್ಬಿಣ, ನೋಡಿ, ನನ್ನನ್ನು ತೊಂಬತ್ತರ ದಶಕಕ್ಕೆ ಎಳೆದುಕೊಂಡು ಹೋಯಿತು.

ನಾವು ಗಡಿಯಾಚೆಯ ಆಂಧ್ರದ ಊರಿನಿಂದ ಈ ಮೊಳಕಾಲ್ಮೂರಿಗೆ ಬಂದವರು. ನಮ್ಮನೆಯವರಿಗೆ ರೇಷ್ಮೆ ಸೀರೆ ನೇಯುವುದು ಗೊತ್ತಿತ್ತು, ನನಗೆ ಅದನ್ನು ಮಾರುವುದು ಗೊತ್ತಿತ್ತು. ಇಬ್ಬರಿಗೂ ಗೊತ್ತಿಲ್ಲದಿದ್ದದ್ದು ಇಲ್ಲಿನ ಮನುಷ್ಯರು. ನಾಲ್ಕು ವರ್ಷ ಬೇರೆಯವರ ಜಗುಲಿಯಲ್ಲಿ ಸಂಸಾರ, ಬೇರೆಯವರ ಮಗ್ಗದಲ್ಲಿ ಕೂಲಿ ನೇಯ್ಗೆ. ಆಗ ಸ್ವಂತ ಮನೆಯಿಲ್ಲದ ನೇಕಾರರಿಗೆ ಸರ್ಕಾರ ಒಂದು ಕಾಲೋನಿ ಕಟ್ಟಿತು. ಒಂದು ಕಚೇರಿ ಮನೆ ಕೊಟ್ಟಿತು, ಇನ್ನೊಂದು ಕಚೇರಿ ಸಬ್ಸಿಡಿಯಲ್ಲಿ ಮಗ್ಗ ಕೊಟ್ಟಿತು. ಅರ್ಜಿ ತುಂಬಿದವಳು ನಾನೇ. ಊರಿಗೆ ಹೊಸಬರಾದರೂ ನಮ್ಮ ಹೆಸರು ಮೊದಲ ಪಟ್ಟಿಯಲ್ಲೇ ಬಂತು. ಆ ದಿನ ನಾನು ಬೀದಿಯಲ್ಲಿ ನಡೆದ ರೀತಿಯನ್ನು ಪಕ್ಕದ ಮನೆಯ ಲಕ್ಷ್ಮಕ್ಕಜ್ಜಿ ಬಹಳ ದಿನ ಅಣಕಿಸಿ ತೋರಿಸುತ್ತಿದ್ದಳು.

ಆದರೆ ಮನೆ ಕೊಟ್ಟ ಕಚೇರಿಯೂ ಮಗ್ಗ ಕೊಟ್ಟ ಕಚೇರಿಯೂ ಒಂದನ್ನೊಂದು ಮಾತಾಡಿಸಿರಲಿಲ್ಲ. ನಮ್ಮದು ಗುಂಡಿ ಮಗ್ಗ. ನೇಯುವವನು ನೆಲದ ಮಟ್ಟದಲ್ಲಿ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು ಅಲ್ಲಿನ ಹಲಗೆ ತುಳಿಯಬೇಕು. ಮನೆಗೋ ಕನ್ನಡಿಯಂಥ ಸಿಮೆಂಟ್ ನೆಲ. ಬೀಗದ ಕೈ ಕೊಡುವಾಗಲೇ ಇಂಜಿನಿಯರ್ ಸಾಹೇಬರು ಹೇಳಿದ್ದರು: "ಒಂದು ಮೊಳೆ ಹೊಡೆದ್ರೂ ಹಕ್ಕುಪತ್ರ ಕೊಡಲ್ಲ, ಮನೆ ವಾಪಸ್ ತಗೋತೀವಿ." ಹಾಗಾಗಿ ಎಲ್ಲ ಮನೆಗಳಲ್ಲೂ ಹೊಸ ಮಗ್ಗದ ಮರಗಳು ಗೋಡೆಗೆ ಒರಗಿ ನಿಂತವು. ಗಂಡಸರು ಹಳೆಯ ಯಜಮಾನರ ಮಗ್ಗಕ್ಕೇ ಕೂಲಿಗೆ ಹೋದರು. ಗುಂಡಿಗೆ ಅನುಮತಿ ಕೇಳಿ ಅರ್ಜಿ ಬರೆದು ಬರೆದು ನನ್ನ ಅಕ್ಷರ ಸುಂದರವಾಯಿತು, ಅಷ್ಟೆ.

ತಿಂಗಳು ಕಳೆದ ಮೇಲೆ ಚಳ್ಳಕೆರೆಗೆ ಹೋಗಿ ಗಡಾರಿ ತಂದೆ. ನಮ್ಮನೆಯವರು ಕೂಲಿಗೆ ಹೋಗಿದ್ದ ಹಗಲು ಹೊತ್ತಿನಲ್ಲಿ, ಕಿಟಕಿಯ ಪಕ್ಕ, ಹೊಳೆಯುವ ನೆಲಕ್ಕೆ ಮೊದಲ ಏಟು ಹಾಕಿದೆ. ಆ ಸದ್ದು ಇಡೀ ಸಾಲಿಗೆ ಕೇಳಿಸಿತು. ಲಕ್ಷ್ಮಕ್ಕಜ್ಜಿ ಓಡಿ ಬಂದು ಎದೆ ಬಡಿದುಕೊಂಡಳು: "ಅಯ್ಯೋ ನಿನ್ನ, ದೇವರು ಕೊಟ್ಟ ನೆಲ ಕಣೇ!"

"ದೇವರು ಕೊಟ್ಟಿದ್ರೆ ಗುಂಡಿ ಸಮೇತ ಕೊಡ್ತಿದ್ದ, ಬಿಡಜ್ಜಿ" ಎಂದೆ.

ಸಂಜೆ ಬಂದ ನಮ್ಮನೆಯವರು ಬಾಗಿಲಲ್ಲೇ ನಿಂತರು. ಗಾಬರಿಯಾದರೆ ಅವರಿಗೆ ತೆಲುಗೇ ಬರುವುದು. "ವದ್ದು, ಇಲ್ಲು ಪೋತುಂದಿ." ಬೇಡ, ಮನೆ ಹೋಗುತ್ತದೆ. ಆಮೇಲೆ ಗುಂಡಿಯಲ್ಲಿ ಕಾಲಿಟ್ಟು ನೋಡಿ ಇನ್ನೂ ಸಪ್ಪಗಾದರು. ಅಷ್ಟೆಲ್ಲ ಜಾಣತನದ ನಾನು ಆಳವನ್ನು ಅಳೆದದ್ದು ನನ್ನ ಕಾಲಿನಿಂದ! ನಾನು ಕುಳ್ಳಿ, ಅವರು ಎತ್ತರ. ಕೆಳಗೆ ಗಟ್ಟಿ ಕಲ್ಲು ಸಿಕ್ಕಿದ್ದರಿಂದ ಹೇಗೋ ಅದರಲ್ಲೇ ಮಗ್ಗ ಹೂಡಿದೆವು.

ಮೂರನೆಯ ದಿನಕ್ಕೇ ಹಕ್ಕುಪತ್ರದ ತಪಾಸಣೆ. ಇಂಜಿನಿಯರ್ ಸಾಹೇಬರ ಹಿಂದೆ ಇಡೀ ಕಾಲೋನಿ. ನೆಲ ನೋಡಿ ಅವರ ಮುಖ ಕೆಂಪಾಯಿತು. ಪಾಪ, ಆ ನೆಲದ ಮೇಲೆ ಅವರಿಗೂ ಅಭಿಮಾನವಿತ್ತು.

"ಯಾರನ್ನ ಕೇಳಿ ಒಡೆದ್ಯಮ್ಮಾ? ಮುಚ್ಚಿಸು ಇದನ್ನ. ಇಲ್ದಿದ್ರೆ ಈಗ್ಲೇ ಪಟ್ಟಿಯಿಂದ ಹೆಸರು ಹೊಡೀತೀನಿ."

ನಮ್ಮನೆಯವರು ಗೋಡೆಗೆ ಅಂಟಿಕೊಂಡರು. ಕೂರುವ ಹಲಗೆಯನ್ನು ಸೆರಗಿನಿಂದ ಒರೆಸಿ ನಾನೇ ಹೇಳಿದೆ: "ಮುಚ್ತೀನಿ ಸಾರ್. ಬಿಸಿಲಲ್ಲಿ ಬಂದೀರಿ, ಒಂದು ಗಳಿಗೆ ಕುಂತು ಮಗ್ಗ ತುಳಿದು ನೋಡ್ರಿ. ಕಾಲು ಎಲ್ಲಿ ಇಡಬೇಕು ಅಂತ ನೀವೇ ಹೇಳ್ರಿ, ಅಲ್ಲಿಡ್ತೀವಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾರದೆ ಕೂತರು. ಅವರೂ ಉದ್ದ ಕಾಲಿನ ಆಸಾಮಿ. ತುಳಿದರು, ಮೊಣಕಾಲು ಹೋಗಿ ಮೇಲಿನ ಮರಕ್ಕೆ ಟಪ್ಪೆಂದು ಬಡಿಯಿತು. ಮೊಣಕಾಲು ಉಜ್ಜಿಕೊಳ್ಳುತ್ತ ಸಾಹೇಬರು ಗದರಿದರು: "ಇದೆಂಥ ಗುಂಡೀನಮ್ಮಾ! ಇನ್ನರ್ಧ ಅಡಿ ಆಳ ಬೇಕಲ್ಲ?"

ಇಲ್ಲಿ ನಿಮಗೊಂದು ವ್ಯಾಪಾರದ ಗುಟ್ಟು. ಗಿರಾಕಿ ಸುಮ್ಮನೆ "ಚೆನ್ನಾಗಿದೆ" ಎಂದರೆ ನಾನು ನಂಬುವುದಿಲ್ಲ. "ಈ ಸೆರಗು ಒಂಚೂರು ಗಾಢ ಇರಬೇಕಿತ್ತು" ಎಂದರೆ ಸೀರೆ ಹಾಕಿಕೊಡುವ ಕವರಿಗೆ ಕೈ ಹಾಕುತ್ತೇನೆ. ಅವರ ಮನಸ್ಸು ಆಗಲೇ ಸೀರೆ ಉಟ್ಟು ನೋಡಿರುತ್ತದೆ.

"ಆಗ್ಲಿ ಸಾರ್" ಎಂದೆ, ಎಲ್ಲರಿಗೂ ಕೇಳಿಸುವಂತೆ. "ನೀವು ಹೇಳ್ದಂಗೇ ಇನ್ನರ್ಧ ಅಡಿ ತೋಡಿಸ್ತೀವಿ."

ಲಕ್ಷ್ಮಕ್ಕಜ್ಜಿಯೇ ಮೊದಲು ನಕ್ಕಳು. ಆಮೇಲೆ ಸಾಹೇಬರೂ. ಹೋಗುವ ಮುಂಚೆ ಟೇಪು ತೆಗೆದು ಗುಂಡಿಯ ಉದ್ದ, ಅಗಲ, ಕಿಟಕಿಯಿಂದ ದೂರ ಎಲ್ಲ ಬರೆದುಕೊಂಡರು. ಹಕ್ಕುಪತ್ರ ಬಂತು. ಆಮೇಲೆ ಕಟ್ಟಿದ ಎರಡನೆಯ ಸಾಲಿನ ಮನೆಗಳಲ್ಲಿ ಕಿಟಕಿಯ ಕೆಳಗೆ ಅಷ್ಟು ಜಾಗಕ್ಕೆ ಸಿಮೆಂಟು ಬಳಿಯದೆ ಮಣ್ಣನ್ನೇ ಬಿಟ್ಟರು. ಸರ್ಕಾರದ ನಕ್ಷೆಯಲ್ಲಿ ನಾನು ತೋಡಿದ ಗುಂಡಿ ಇದೆ. ನನ್ನ ಹೆಸರಿಲ್ಲ, ಇರಲಿ. ಇವತ್ತು ನಮ್ಮವು ಆರು ಮಗ್ಗ. ಅವುಗಳಲ್ಲಿ ನೇಯುವ ಇಬ್ಬರು ನಮ್ಮ ಹಾಗೆಯೇ ಹೊರಗಿನಿಂದ ಬಂದವರು.

ಬೆಳಿಗ್ಗೆ ಬಂದವಳಿಗೆ ಗಡಾರಿಯ ಬಾಡಿಗೆ ಹೇಳಲು ಬಾಯಿ ತೆರೆದಿದ್ದೆ, ಅಭ್ಯಾಸ ನೋಡಿ. ಆದರೆ ಬಾಯಿಂದ ಬಂದದ್ದು ಬೇರೆ: "ನಿನ್ನ ಗಂಡನ ಕಾಲು ಎಷ್ಟುದ್ದ ಐತೆ?" ಅವಳು ನಾಚಿಕೊಂಡು, "ನೇಯೋಳು ನಾನೇ ಅಕ್ಕ" ಎಂದಳು. ಕಾಲು ಅಳೆದುಕೊಳ್ಳಲು ಒಂದು ಹಳೆಯ ದಾರವನ್ನೂ ಕೊಟ್ಟು ಕಳಿಸಿದೆ.

ನೀವೂ ಕೇಳಿಸಿಕೊಳ್ಳಿ. ಹೊಸ ಊರಿನಲ್ಲಿ ಯಾರಾದರೂ ಕೈ ಹಿಡಿದು ಏನಾದರೂ ಕೊಟ್ಟರೆ ಬಿಗುಮಾನ ಮಾಡದೆ ತೆಗೆದುಕೊಳ್ಳಿ. ಕೊಟ್ಟದ್ದರಲ್ಲಿ ಕೊರತೆಯಿದ್ದರೆ ಬರೀ ಕಾಗದದಲ್ಲಿ ಬರೆಯಬೇಡಿ. ಕೊಟ್ಟವರನ್ನೇ ಕರೆತಂದು ಅಲ್ಲಿ ಕೂರಿಸಿ. ತೋಡುವ ಮುಂಚೆ, ಕೂರುವವರ ಕಾಲು ಅಳೆಯಿರಿ. ಗಡಾರಿ ಬೇಕಾದರೆ ನಮ್ಮ ಬಾಗಿಲ ಹಿಂದಿದೆ, ಬಾಡಿಗೆ ಇಲ್ಲ. ವಾಪಸು ತರುವಾಗ ಮಣ್ಣು ಮಾತ್ರ ತೊಳೆದು ತನ್ನಿ.