ಎದುರುಮನೆಯ ರೇಡಿಯೋ

ಮೊನ್ನೆ ನಮ್ಮ ಮನೆಯ ಕಂಪ್ಯೂಟರ್ ಜಪ್ಪಯ್ಯ ಅಂದರೂ ಏಳಲಿಲ್ಲ. ಮಗಳು ಅದರ ಪಕ್ಕದ ತಗಡು ಬಿಚ್ಚಿ, ಒಳಗೆಲ್ಲ ಊದಿ, ಮತ್ತೆ ಸ್ವಿಚ್ ಹಾಕಿದಾಗ ಬಿಸಿಯಾದ ಧೂಳಿನ ವಾಸನೆ ಬಂತು. ಬಹಳ ವರ್ಷಗಳ ಹಿಂದೆ ನಮ್ಮ ಹಳೆಯ ರೇಡಿಯೋದಿಂದ ಬರುತ್ತಿದ್ದ ವಾಸನೆಯೇ ಅದು. ಅದರ ಹಿಂದೆಯೇ ಎದುರುಮನೆಯಾಕೆ ನೆನಪಾದಳು, ಜೊತೆಗೆ ನನ್ನ ಹೊಟ್ಟೆಕಿಚ್ಚೂ.

ಎಪ್ಪತ್ತರ ದಶಕ. ಮಂಡ್ಯದಲ್ಲಿ ಎದುರುಬದುರು ಸಾಲು ಮನೆಗಳ ಒಂದು ಕಿರಿದಾದ ಬೀದಿ. ನಾನು ಮೇಷ್ಟರ ಹೆಂಡತಿ. ಆಕೆಯ ಗಂಡನದು ಬೆಲ್ಲದ ಮಂಡಿ. ಕೊತ್ತತ್ತಿ ಕಡೆಯ ಹೆಣ್ಣು, ಗಂಟಲು ದೊಡ್ಡದು, ಕೈ ದೊಡ್ಡದು, ಎಲ್ಲಕ್ಕಿಂತ ರೇಡಿಯೋ ದೊಡ್ಡದು. ನಮ್ಮದೂ ವಾಲ್ವಿನ ರೇಡಿಯೋನೇ, ಆದರೆ ಯಾರೋ ಬಳಸಿ ಬಿಟ್ಟಿದ್ದು. ಸಂಜೆ ಆಕೆ ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಬೀದಿ ತುಂಬ ಸಂಗೀತ. ಬೀದಿಯ ಹೆಂಗಸರೆಲ್ಲ ಆಕೆಯ ಜಗಲಿಯಲ್ಲೇ ಬತ್ತಿ ಹೊಸೆಯುವುದು, ಸೊಪ್ಪು ಬಿಡಿಸುವುದು. ನನ್ನನ್ನೂ ಕರೆಯುತ್ತಿದ್ದಳು. ಕೆಲಸವಿದೆ ಅಕ್ಕ ಎಂದು ಬಾಗಿಲು ಮುಂದೆ ಮಾಡಿಕೊಂಡು, ಒಳಗೆ ಕೂತು ಕಿವಿಗೊಟ್ಟು ಕೇಳುತ್ತಿದ್ದೆ.

ನಮ್ಮ ರೇಡಿಯೋದ ಕಥೆ ವಿಚಿತ್ರ. ಬೆಳಿಗ್ಗೆ ವಾರ್ತೆ ಹೇಳುತ್ತಿತ್ತು, ಸಂಜೆಯಾದರೆ ಮೂಕ. ನಮ್ಮ ಸಾಲಿನ ಕೊನೆಗೆ ಅಕ್ಕಿ ಗಿರಣಿ ಬಂದ ವರ್ಷದಿಂದ ಶುರುವಾದ ರೋಗ ಅದು. ಆದರೆ ಗಿರಣಿಗೂ ರೇಡಿಯೋಗೂ ಗಂಟು ಹಾಕುವ ಬುದ್ಧಿ ಆಗ ಯಾರಿಗಿತ್ತು...

ಅಂಥ ಹೊತ್ತಿನಲ್ಲಿ ನನ್ನ ಹಾಡು ರೇಡಿಯೋದಲ್ಲಿ ಬರುವುದೆಂದು ಗೊತ್ತಾಯಿತು. ಬೆಂಗಳೂರಿಗೆ ಹೋಗಿ ಹಾಡಿ ಬಂದಿದ್ದ ಒಂದೇ ಒಂದು ದೇವರನಾಮ. ಸಂಜೆಯ ಕಾರ್ಯಕ್ರಮ. ನನ್ನ ದನಿ ಹೊರಗಿನವರ ಕಿವಿಗೆ ಹೇಗೆ ಕೇಳುತ್ತದೆಂದು ಒಂದು ಸಲ ಕೇಳಬೇಕೆಂಬ ಆಸೆ ಊಟ ನಿದ್ದೆ ಎರಡನ್ನೂ ಕೆಡಿಸಿತು. ಅದನ್ನೂ ನನ್ನ ಮನೆಯಲ್ಲೇ ಕೇಳಬೇಕು, ಆಕೆಯ ಜಗಲಿಯಲ್ಲಿ ಅಲ್ಲ.

ಯಜಮಾನರು ರೇಡಿಯೋದ ಬೆನ್ನು ಬಿಚ್ಚಿ ಕೂತರು. ವಾಲ್ವುಗಳನ್ನು ಕಿತ್ತು ಒರೆಸಿ ಕೂರಿಸಿದರು, ಹೊಸ ಪ್ಲಗ್ಗು ಹಾಕಿದರು, ಏರಿಯಲ್ ತಂತಿಯನ್ನು ಹೆಂಚಿನ ಮೇಲೆ ಇನ್ನಷ್ಟು ಎಳೆದು ಕಟ್ಟಿದರು. ಸಂಜೆ ಮತ್ತೆ ಮೂಕ. ಪೇಟೆಯ ರಿಪೇರಿ ಸಾಬರ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿ ಗಿಣಿಯ ಹಾಗೆ ಮಾತಾಡಿತು. ಸೆಟ್ಟಿನಲ್ಲಿ ಏನೂ ಕೆಟ್ಟಿಲ್ಲ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಸರಿಯಾಗಿ ನೋಡಲೇ ಇಲ್ಲ ಎಂದು ನಾವು ಗೊಣಗಿಕೊಂಡು ಬಂದೆವು.

ಸಂಜೆಯಾದರೆ ನಮ್ಮ ಮನೆಯ ಬಲ್ಬೂ ಕುಂಕುಮದ ಹಾಗೆ ಕೆಂಪಗಾಗುತ್ತಿತ್ತು. ಎದುರುಮನೆಯಲ್ಲಿ ಮಾತ್ರ ಹಾಲು ಚೆಲ್ಲಿದಂಥ ಬೆಳಕು. ಅದಕ್ಕೆ ನಾನೇ ಕಾರಣ ಹುಡುಕಿಟ್ಟಿದ್ದೆ: ಮಂಡಿಯವರ ಜಂಬ, ನಮ್ಮ ಕಣ್ಣು ಕುಕ್ಕಲೆಂದೇ ನೂರು ಕ್ಯಾಂಡಲ್ ಬಲ್ಬು ಹಾಕಿದ್ದಾಳೆ. ಯಜಮಾನರೂ ಹೌದು ಎಂದಿದ್ದರು.

ಹಾಡು ಬರುವ ಸಂಜೆ ಬೀದಿಯೇ ಆಕೆಯ ಮನೆಯಲ್ಲಿ ನೆರೆಯಿತು. ಯಜಮಾನರೂ ಮೆಲ್ಲಗೆ ಜಾರಿಕೊಂಡರು. ನಾನು ಜಗ್ಗಲಿಲ್ಲ. ಮೂಕ ಪೆಟ್ಟಿಗೆಯ ಮುಂದೆ ಕೂತು ತಿರುಪು ತಿರುಗಿಸುತ್ತಲೇ ಇದ್ದೆ. ನನ್ನ ಹಾಡು, ಕೇಳುವ ಭಾಗ್ಯ ಆಕೆಯ ಮನೆಗೆ.

ಬಾಗಿಲು ತಳ್ಳಿದ ಸದ್ದಾಯಿತು. ನೋಡಿದರೆ ಆಕೆ, ಎರಡು ಕೈಯಲ್ಲಿ ತನ್ನ ದೊಡ್ಡ ರೇಡಿಯೋ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದಾಳೆ. ಹಿಂದೆ ಬೀದಿಯ ಜನವೆಲ್ಲ. ನೀನು ಬರುವುದಿಲ್ಲ ಅಂತ ಗೊತ್ತು, ಅದಕ್ಕೆ ಇದನ್ನೇ ತಂದೆ ಎಂದಳು. ಯಜಮಾನರು ಪ್ಲಗ್ಗು ಸಿಕ್ಕಿಸಿದರು. ಕಾದೆವು. ರೇಡಿಯೋದೊಳಗೆ ಮಸುಕು ದೀಪ ಹತ್ತಿತು, ದನಿ ಮಾತ್ರ ಬರಲಿಲ್ಲ.

ಆಕೆ ತಲೆಯೆತ್ತಿ ನಮ್ಮ ಬಲ್ಬು ನೋಡಿದಳು.

"ಇದ್ಯಾಕಮ್ಮ ನಿಮ್ ಲೈಟು ಇಂಗೆ ಕೆಂಪ್ಗೈತೆ? ದಿನಾ ಇಂಗೇಯಾ?"

ನಮ್ಮ ಮನೆಗೆ ಸಂಜೆ ಹೊತ್ತು ಆಕೆ ಬಂದದ್ದು ಅದೇ ಮೊದಲು. ನಿಮ್ಮ ಹಾಗೆ ದೊಡ್ಡ ಬಲ್ಬು ಹಾಕಲು ನಮಗೆಲ್ಲಿ ಶಕ್ತಿ ಎಂದು ಕುಟುಕಿದೆ. ತನ್ನದೂ ನಲವತ್ತು ಕ್ಯಾಂಡಲ್ಲಿನದೇ ಬಲ್ಬು ಎಂದಳು. ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ಕೆಟ್ಟಿದ್ದು ರೇಡಿಯೋ ಅಲ್ಲ, ನಮ್ಮ ಸಾಲಿನ ಕರೆಂಟು. ಸಂಜೆ ಗಿರಣಿ ತಿರುಗುವಷ್ಟು ಹೊತ್ತು ಅದಕ್ಕೆ ಜೀವವೇ ಇರುತ್ತಿರಲಿಲ್ಲ. ಆಕೆಯ ಸಾಲಿಗೆ ಬೇರೆ ಲೈನು.

ಅವರು ಆ ರೇಡಿಯೋ ಹೊತ್ತುಕೊಂಡು ಎದುರುಮನೆಗೆ ಓಡಿದರು, ಜನ ಅವರ ಹಿಂದೆ. ಅದು ಬಿಸಿಯಾಗಿ ಮಾತಾಡುವ ಹೊತ್ತಿಗೆ ಹಾಡು ಮುಗಿದು ರೈತರಿಗೆ ಸಲಹೆ ಬರುತ್ತಿತ್ತು. ನನಗೆ ಇಲ್ಲಿಗೇ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ಆಕೆ ಮಾತ್ರ ಹೋಗಿರಲಿಲ್ಲ, ಗೋಡೆಗೊರಗಿ ಕಾಲು ಚಾಚಿ ಕೂತಳು.

"ಓಗ್ಲಿ ಬುಡು. ಆಡ್ದೋಳು ಇಲ್ಲೇ ಅವ್ಳಲ್ಲ. ಆಡಮ್ಮ, ನಾ ಕೇಳ್ತೀನಿ."

ಹಾಡಿದೆ... ಸಿಟ್ಟಿನಲ್ಲೇ ಶುರುಮಾಡಿದೆ, ಕೊನೆಗೆ ಎಲ್ಲಿಗೆ ಹೋಗಿ ಮುಟ್ಟಿತೋ ತಿಳಿಯದು. ಆಕೆ ಕಣ್ಣು ಮುಚ್ಚಿ ಕೇಳಿದಳು. ಹಾಡು ಮುಗಿದೊಡನೆ ಎದ್ದು ಸೀರೆ ಕೊಡವಿಕೊಂಡು ಹೋದಳು.

ಮರುದಿನ ಬೀದಿಯಲ್ಲಿ ನನ್ನ ಹಾಡಿನ ಮಾತೇ ಇಲ್ಲ. ಆಕೆ ಅಷ್ಟು ಭಾರದ ರೇಡಿಯೋ ಹೊತ್ತದ್ದೇ ಸುದ್ದಿ. ನನಗೆ ಮತ್ತೆ ಮೈಯೆಲ್ಲ ಉರಿಯಿತು. ಲೈನ್‌ಮನ್ ಬಂದು ನಮ್ಮ ತಂತಿಯನ್ನು ಬೇರೆ ಲೈನಿಗೆ ಹಾಕಿದ ಮೇಲೆ ರೇಡಿಯೋ ಸರಿಹೋಯಿತು. ನನ್ನ ಹಾಡು ಮಾತ್ರ ಇನ್ನೊಮ್ಮೆ ಬರಲಿಲ್ಲ. ನಮಗೆ ಮಳವಳ್ಳಿಗೆ ವರ್ಗವಾಯಿತು, ಬೀದಿ ಬಿಟ್ಟೆವು.

ಹೋದ ವರ್ಷ ಆಕೆಯ ಸೊಸೆ ಫೋನ್ ಮಾಡಿ ಅತ್ತೆ ಹೋದರೆಂದು ಹೇಳಿದಳು. ಅಕ್ಕಿ ಆರಿಸುವಾಗೆಲ್ಲ ಒಂದು ದೇವರನಾಮ ಗುನುಗುತ್ತಿದ್ದರಂತೆ, ಮೇಷ್ಟರ ಹೆಂಡತಿ ನನಗೊಬ್ಬಳಿಗೇ ಹಾಡಿದ್ದು ಎನ್ನುತ್ತಿದ್ದರಂತೆ.

ನನ್ನ ಹಾಡನ್ನು ನಾನು ಕೊನೆಗೂ ಕೇಳಲಿಲ್ಲ, ಆಕೆ ಕೇಳಿದಳು. ಅದೊಂದಕ್ಕೆ ನನಗೆ ಈಗಲೂ ಹೊಟ್ಟೆಕಿಚ್ಚು. ಹೇಗಿತ್ತು ಅಕ್ಕ ಎಂದು ಕೇಳೋಣವೆಂದರೆ ಆಕೆಯೇ ಇಲ್ಲ.