ನಡುಚೀಲದ ಕಾಳು

ಆ ಶಾಲೆಯನ್ನು ನೆನೆದರೆ ನನ್ನ ಮೂಗಿಗೆ ಮೊದಲು ಬರುವುದು ಎಮ್ಮೆಯ ಗಂಜಳದ ವಾಸನೆ. ಹೆಡ್ಮಾಸ್ತರ ತನ್ನ ಎಮ್ಮೆಯನ್ನು ಶಾಲೆಯ ಪಡಸಾಲೆಯಲ್ಲೇ ಕಟ್ಟುತ್ತಿದ್ದ. ಅವನಿಗೆ ಬಹುವಚನ ಹಾಕಿ ಬರೆಯಲು ನನಗೆ ಮನಸ್ಸಿಲ್ಲ, ಹಾಕುವುದಿಲ್ಲ. ಹುಡುಗಿಯರು ನಾವು ನಾಲ್ಕೇ ಜನ. ಗಂಡುಹುಡುಗರಿಂದ ದೂರ ಇರಲಿ ಎಂದು ನಮ್ಮನ್ನು ಬಾಗಿಲ ಹತ್ತಿರ ಕೂರಿಸಿದ್ದರು. ಹಾಗಾಗಿ ಮಾಸ್ತರರ ಮುಖಕ್ಕಿಂತ ಎಮ್ಮೆಯ ಬಾಲವೇ ನಮಗೆ ಹೆಚ್ಚು ಪರಿಚಯ. ಅದು ಸಗಣಿ ಹಾಕಿದರೆ ಎತ್ತುವವರೂ ನಾವೇ. ಗಂಡುಹುಡುಗರ ಕೈಲಿ ಎತ್ತಿಸಿದರೆ ಅವರ ಮನೆಯವರು ಜಗಳಕ್ಕೆ ಬರುತ್ತಾರೆ. ಹುಡುಗಿಯರಿಗಾದರೆ ಮುಂದೆ ಹೇಗೂ ಅದೇ ಕೆಲಸ, ಈಗಲೇ ರೂಢಿಯಾಗಲಿ ಎಂದು ಅವನೇ ಬಾಯಿಬಿಟ್ಟು ಹೇಳುತ್ತಿದ್ದ.

ನಮ್ಮೂರು ಸಿರುಗುಪ್ಪ. ಆಗ ನಮ್ಮ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಸ್ವಾತಂತ್ರ್ಯ ಬಂದ ಮರುವರ್ಷ ನಾನು ಐದನೇ ಕ್ಲಾಸು ಮುಗಿಸಿ ಜಿಲ್ಲಾ ಬೋರ್ಡಿನವರ ಮಿಡ್ಲ್ ಸ್ಕೂಲಿಗೆ ಹೋದೆ. ಶಾಲೆಗೆ ಇದ್ದವರು ಇಬ್ಬರು ಮಾಸ್ತರರು. ಒಬ್ಬ ಈ ಹೆಡ್ಮಾಸ್ತರ. ಇಡೀ ದಿನ ಎಲೆಅಡಿಕೆ ಅಗಿದು ಕಿಟಕಿಯಿಂದ ಉಗುಳುತ್ತಿದ್ದ. ಕಿಟಕಿಯ ಆಚೆ ನಮ್ಮ ಕುಡಿಯುವ ನೀರಿನ ಗಡಿಗೆ. ಇನ್ನೊಬ್ಬ ನಶ್ಯದ ಮುದುಕ. ಮೂಗು ಒರೆಸಿದ ಪಂಚೆಯ ಚುಂಗಿನಿಂದಲೇ ನಮ್ಮ ಪಾಟಿ ಒರೆಸಿ ಕೊಡುತ್ತಿದ್ದ, ಪಾಪ, ಪ್ರೀತಿಯಿಂದಲೇ. ಮಧ್ಯಾಹ್ನವಾದರೆ ಹುಡುಗರು ಹೆಡ್ಮಾಸ್ತರನ ಕಾಲು ಒತ್ತಬೇಕು, ನಾವು ಅವನ ಮನೆಯ ಅಕ್ಕಿಯ ಕಲ್ಲು ಆರಿಸಬೇಕು. ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಒಂದು ಭಾಗಾಕಾರದ ಲೆಕ್ಕ ಬರೆದಿದ್ದ. ದಸರಾ ಬಂದರೂ ಅದನ್ನು ಅಳಿಸಲಿಲ್ಲ, ಬಿಡಿಸಲೂ ಇಲ್ಲ. ಲೆಕ್ಕ ಹಾಗೇ ಇತ್ತು, ಮೇಲೆ ಧೂಳು ಕೂತಿತ್ತು.

ಮನೆಯಲ್ಲಿ ಹೇಳಿದೆ. ಅವ್ವ ನಂಬಿದಳು. ನನ್ನ ಲಂಗ ಒಗೆಯುವವಳು ಅವಳಲ್ಲವೇ, ಯಾವ ವಾಸನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವ್ವನ ತಂಗಿ, ನನ್ನ ಚಿಗವ್ವ, ಬಳ್ಳಾರಿಯಲ್ಲಿ ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿದ್ದಳು. ಅವಳ ಮನೆಯ ಹತ್ತಿರವೇ ಹೆಣ್ಣುಮಕ್ಕಳ ಶಾಲೆ. ಕಳಿಸಿಕೊಡಿ, ನನ್ನ ಮಕ್ಕಳ ಜೊತೆ ಇವಳೂ ಉಣ್ಣುತ್ತಾಳೆ ಎಂದು ಹೇಳಿ ಕಳಿಸಿದ್ದಳು. ನನಗೆ ಹೋಗುವ ಆಸೆ ಎಷ್ಟಿತ್ತೆಂದರೆ, ಬಳ್ಳಾರಿಯ ಕಡೆಗೆ ಹೋಗುವ ಬಸ್ಸು ಕಂಡರೂ ನಿಂತು ನೋಡುತ್ತಿದ್ದೆ. ಆದರೆ ತೀರ್ಮಾನ ಮಾಡುವವನು ಅಪ್ಪ.

ಅಪ್ಪನದು ಅಕ್ಕಿ ವ್ಯಾಪಾರ. ನಮ್ಮೂರಲ್ಲಿ ಕಾಲುವೆ ನೀರಿನ ಗದ್ದೆ, ಹಾಗಾಗಿ ಅಕ್ಕಿಯೇ ಎಲ್ಲರ ಮಾತು. ಚೀಲದ ಬಾಯಲ್ಲಿ ಒಳ್ಳೆಯ ಕಾಳು ಹಾಕಿ, ಒಳಗೆ ನುಚ್ಚು ತುಂಬುವವರು ಬಹಳ. ಅದಕ್ಕೆ ಅಪ್ಪನ ಕೈಯಲ್ಲಿ ಯಾವಾಗಲೂ ಮೊನಚು ತುದಿಯ ಒಂದು ಕಬ್ಬಿಣದ ಕೊಳವೆ. ಅದನ್ನು ಚೀಲದ ನಡುವಿಗೆ ಚುಚ್ಚಿ ಎಳೆದರೆ ಒಳಗಿನ ಕಾಳು ಅಂಗೈಗೆ ಬೀಳುತ್ತದೆ. ಆ ಕಾಳನ್ನು ಹಲ್ಲಿನಿಂದ ಕಡಿದು ನೋಡಿ ದರ ಹೇಳುತ್ತಿದ್ದ. ಊರಿನ ಎಲ್ಲ ಅಂಗಡಿಗಳಲ್ಲೂ ಇದೇ ಪದ್ಧತಿ. ಆದರೆ ಅಪ್ಪನಿಗೆ ಇದು ಪದ್ಧತಿಯಲ್ಲ, ವೇದಾಂತ. ಹೆಣ್ಣು ನೋಡಲು ಹೋದರೂ, ಎತ್ತು ಕೊಳ್ಳಲು ಹೋದರೂ ಅದೇ ಮಾತು: ಬಾಯಿಕಾಳು ನೋಡಬೇಡ, ನಡುಚೀಲ ನೋಡು.

"ಇನ್ಸ್‌ಪೆಕ್ಟರು ಬರೂ ದಿನ ನಾನೂ ಹೋಗಿ ಕುಂಡ್ರತೀನಿ," ಅಂದ. "ಸಾಲಿ ಜೊಳ್ಳು ಅಂತ ಕಂಡ್ರ ನಿನ್ನ ಬಳ್ಳಾರಿಗೆ ಕಳಸ್ತೀನಿ. ಗಟ್ಟಿ ಅಂತ ಕಂಡ್ರ ಸುಳ್ಳು ಹೇಳಿದಾಕಿ ನೀನು. ಆಮ್ಯಾಲ ಬಳ್ಳಾರಿ ಸುದ್ದಿ ಎತ್ತಬಾರ್ದು."

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಇನ್ಸ್‌ಪೆಕ್ಟರು ಬರೂ ದಿನ ಹೋದ್ರ ಏನ್ ಕಾಣ್ತೈತ್ರಿ? ಬೀಗರು ಬರೂ ದಿನ ಎಲ್ಲಾರ ಮನೀನೂ ಚಂದನ ಇರತೈತಿ."

"ನೀ ರೊಟ್ಟಿ ನೋಡ್ಕೋ, ಹೊತ್ತೀತು. ಬಾಯಿಕಾಳಿಗೆ ಮೋಸ ಹೋಗೂ ಗಿರಾಕಿ ಅಲ್ಲ ನಾನು. ನಡುಚೀಲಕ್ಕ ಚುಚ್ಚತೀನಿ."

ಇದನ್ನು ಮನೆಯಲ್ಲಿ ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ಅಂಗಡಿಯಲ್ಲೂ ಹೇಳಿದ. ಸಂಜೆ ಹೆಡ್ಮಾಸ್ತರ ನಮ್ಮ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು ನಮ್ಮ ಪೇಪರು ಓದುತ್ತಿದ್ದ. ನಾನು ಅಪ್ಪನಿಗೆ ಚಹಾದ ಚೊಂಬು ತೆಗೆದುಕೊಂಡು ಹೋಗಿದ್ದೆ, ಅಲ್ಲೇ ಇದ್ದೆ.

"ಮಾಸ್ತರ, ಈ ಸಲ ನಾನೂ ಬರ್ತೀನಿ," ಎಂದ ಅಪ್ಪ. "ಮುಂದ ಕುಂತವರ್ನ ಕೇಳೂದು ಇನ್ಸ್‌ಪೆಕ್ಟರು. ನಾ ನಡುವಿನವರ್ನ ಕೇಳಾಂವ. ಈಗ ಹೇಳಿರ್ತೀನಿ."

"ಕೇಳ್ರಿ ಸಾವ್ಕಾರ್ರ, ಅವಶ್ಯ ಕೇಳ್ರಿ. ನಿಮ್ಮಂಥೋರು ಕೇಳಬೇಕು," ಎಂದು ಹೆಡ್ಮಾಸ್ತರ ಪೇಪರು ಮಡಚಿದ. ನನ್ನ ಕಡೆ ನೋಡಿ ನಕ್ಕ. ಅವನ ಹಲ್ಲು ಹಳೇ ಗರಗಸದಂತೆ ಕಚ್ಚುಕಚ್ಚಾಗಿತ್ತು, ಮೇಲೆ ಎಲೆಅಡಿಕೆಯ ಕೆಂಪು.

ಇನ್ಸ್‌ಪೆಕ್ಟರು ಬರುವ ದಿನ ಶಾಲೆಗೆ ಹೋದರೆ ಎಮ್ಮೆ ಇರಲಿಲ್ಲ. ಅದನ್ನು ಗುಡಿಯ ಹಿಂದೆ ಕಟ್ಟಿ ಬಂದಿದ್ದರು. ನೆಲ ಸಾರಿಸಿತ್ತು, ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನೆಲೆ. ಓದಲು ಬಾರದ ಹುಡುಗರಿಗೆ ಜ್ವರ ಎಂದು ಹೇಳಿ ಮನೆಯಲ್ಲೇ ಇರಲು ಹೇಳಿದ್ದರು. ಇಲ್ಲಿಯವರೆಗೆ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ನಡುವಿನ ಸಾಲು. ಅಲ್ಲಿ ನಾನು ಯಾವತ್ತೂ ನೋಡದ ಹುಡುಗರು ಕೂತಿದ್ದರು. ಎಣ್ಣೆ ಹಚ್ಚಿ ಬಾಚಿದ ಕೂದಲು, ತೊಳೆದ ಅಂಗಿ, ಅಂಗಿಯ ಬೆನ್ನಿಗೆ ಮಾತ್ರ ಅಕ್ಕಿಯ ತೌಡು. ಬೆಳಗ್ಗೆ ಯಾವುದೋ ಲಾರಿಯಲ್ಲಿ ಚೀಲಗಳ ಮೇಲೆ ಕೂತು ಬಂದವರು ಎಂದು ನೋಡಿದರೇ ತಿಳಿಯುತ್ತಿತ್ತು.

"ಯಾರೇ ಇವ್ರು?" ಎಂದು ಪಕ್ಕದವಳನ್ನು ಕೇಳಿದೆ.

"ಯಾರಿಗ್ ಗೊತ್ತವ್ವ. ಎಮ್ಮಿ ಹೋಗಿ ಕರುಗಳು ಬಂದಾವ," ಎಂದಳು.

ಇನ್ಸ್‌ಪೆಕ್ಟರು ತೆಲುಗಿನವರು. ಕನ್ನಡ ಅಷ್ಟಕ್ಕಷ್ಟೆ. ಎಳನೀರು ಕುಡಿದರು, ಹಾಜರಿ ನೋಡಿದರು, ಮುಂದೆ ಕೂತ ಒಬ್ಬನಿಂದ ಒಂದು ಪದ್ಯ ಹೇಳಿಸಿದರು. ಅವನು ಹೇಳುವಾಗ ಇವರು ತಮ್ಮ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಮುಗಿದ ಮೇಲೆ "ಬಾಗುಂದಿ, ಬಾಗುಂದಿ" ಎಂದರು, ಚೆನ್ನಾಗಿದೆ ಎಂದು. ಒಂದು ಶಾಲೆಯನ್ನು ಅಳೆಯುವುದು ಅಷ್ಟೇ ಕೆಲಸ ಅವರಿಗೆ.

ಆಗ ಅಪ್ಪ ಎದ್ದ. ಬಿಳಿ ರುಮಾಲು, ಹೆಗಲ ಮೇಲೆ ಶಲ್ಯ, ಕೈಯಲ್ಲಿ ಕೊಳವೆ ಇಲ್ಲ ಅಷ್ಟೆ. ನಡುಸಾಲಿನ ನಡುವಿಗೆ ಬೆರಳು ತೋರಿಸಿ, "ಏಯ್, ನೀನು. ನೂರಾ ಮೂವತ್ತೈದು ಸೇರು ಅಕ್ಕಿ. ಒಂಬತ್ತು ಮಂದಿ ಪಾಲುದಾರರು. ಒಬ್ಬೊಬ್ಬಗ ಎಷ್ಟು?"

"ಹದಿನೈದು ಸೇರ್ರಿ," ಎಂದ ಹುಡುಗ. ಅಪ್ಪನ ಬಾಯಿ ಮುಚ್ಚುವುದಕ್ಕೆ ಮುಂಚೆ ಉತ್ತರ ಬಿದ್ದಿತ್ತು. ಪಕ್ಕದವನಿಗೆ ಇನ್ನೂ ಕಷ್ಟದ್ದು ಕೇಳಿದ, ಅವನೂ ಹೇಳಿದ. ಅಪ್ಪನ ಮುಖ ಒಳ್ಳೆಯ ಸರಕು ಕಂಡಾಗ ಹೇಗಾಗುತ್ತಿತ್ತೋ ಹಾಗಾಯಿತು. ಆಮೇಲೆ ನನ್ನ ಕಡೆ ತಿರುಗಿದ.

"ಈಗ ನೀ ಹೇಳು. ನೂರಾ ಹನ್ನೆರಡು ಸೇರು, ಎಂಟು ಮಂದಿ."

ನಾನು ಎದ್ದು ನಿಂತೆ. ಕಣ್ಣು ಬೋರ್ಡಿನ ಕಡೆ ಹೋಯಿತು. ಜೂನಿನ ಲೆಕ್ಕವನ್ನು ಅವತ್ತು ಒರೆಸಿ 'ಸುಸ್ವಾಗತ' ಎಂದು ಬರೆದಿದ್ದರು. ಆ ಅಕ್ಷರಗಳನ್ನೇ ಎಣಿಸುತ್ತ ನಿಂತೆ.

"ಕುಂಡ್ರವ್ವ, ಕುಂಡ್ರು," ಎಂದ ಹೆಡ್ಮಾಸ್ತರ, ಬೆಲ್ಲದಂಥ ದನಿಯಲ್ಲಿ. "ಹೆಣ್ಮಕ್ಕಳಿಗೆ ಲೆಕ್ಕ ತಲಿಗೆ ಹತ್ತೂದಿಲ್ರೀ ಸಾವ್ಕಾರ್ರ."

"ಅಪ್ಪಾ, ಅವ್ರು ನಮ್ ಸಾಲಿಯವರಲ್ಲ," ಎಂದೆ. ಗಟ್ಟಿಯಾಗಿಯೇ ಎಂದೆ.

ಹೆಡ್ಮಾಸ್ತರ ಕಣ್ಣು ಸಹ ಮಿಟುಕಿಸಲಿಲ್ಲ. "ಹೌದ್ರೀ, ಹಳ್ಳಿ ಹುಡುಗ್ರು. ಕಾಲುವಿ ದಾಟಿ ಬರಬೇಕು, ದಿನಾ ಬರಾಕ ಆಗಂಗಿಲ್ಲ. ಆದ್ರೂ ನೋಡ್ರಿ ಹೆಂಗ ಕಲ್ತಾರ. ದಿನಾ ಬರೋರದು ಹಿಂಗ."

ಇನ್ಸ್‌ಪೆಕ್ಟರು ಕತ್ತೆತ್ತಿ ತೆಲುಗಿನಲ್ಲಿ, ಆ ಹುಡುಗಿ ಏನಂತಾಳೆ ಎಂದು ಕೇಳಿದರು. "ನೀಳ್ಳು ಕಾವಾಲಂಟ ಸಾರ್," ಎಂದ ಹೆಡ್ಮಾಸ್ತರ. ನೀರು ಬೇಕಂತೆ! ನಮ್ಮ ಕಡೆ ತೆಲುಗು ಬಾರದವರು ಯಾರು? ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು, ಅಪ್ಪನಿಗೂ. ಒಂದು ಚೊಂಬಿನಲ್ಲಿ ನೀರು ತಂದುಕೊಟ್ಟರು. ಅದೇ ಕಿಟಕಿಯ ಕೆಳಗಿನ ಗಡಿಗೆಯ ನೀರು. ಎಲ್ಲರೂ ನೋಡುತ್ತಿದ್ದರು, ಕುಡಿದೆ.

ಮನೆಗೆ ಬಂದು ಅಪ್ಪ ರುಮಾಲು ಗೂಟಕ್ಕೆ ಹಾಕಿ ಅವ್ವನಿಗೆ ಹೇಳಿದ: "ಸಾಲಿ ಗಟ್ಟಿ ಐತಿ. ನಿನ್ನ ಮಗಳ ತಲಿ ಜೊಳ್ಳು."

"ಆ ಹುಡುಗ್ರು ಬ್ಯಾರೆ ಊರವ್ರು ಅಂತ ಹೇಳ್ತಾಳಲ್ರೀ ಆಕಿ."

"ತೂಕ ಕಡಿಮಿ ಬಂದಾಂವ ತಕ್ಕಡೀನ್ನ ಬೈತಾನ. ನಾ ದಿನಾ ನೋಡ್ತೀನಿ ಅಂಥೋರನ್ನ."

ಬಳ್ಳಾರಿಯ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಎಮ್ಮೆ ವಾಪಸು ಬಂತು. ವರ್ಷ ಮುಗಿಯುವವರೆಗೆ ಸಗಣಿ ಎತ್ತಿದೆ, ಆಮೇಲೆ ಅಪ್ಪ ಶಾಲೆ ಬಿಡಿಸಿದ. ಜೊಳ್ಳಿನ ಮೇಲೆ ಯಾರು ದುಡ್ಡು ಹಾಕುತ್ತಾರೆ? ಇನ್ನೂ ಹುಡುಗಿಯಾಗಿದ್ದಾಗಲೇ ಕುರುಗೋಡಿಗೆ ಮದುವೆ ಮಾಡಿ ಕೊಟ್ಟರು.

ಅಲ್ಲಿ ನನ್ನ ಗಂಡನ ತಮ್ಮ ಇದ್ದ. ಹೆಚ್ಚುಕಡಿಮೆ ನನ್ನ ವಯಸ್ಸೇ. ಮಾತುಗಾರ. ಒಂದು ಮಧ್ಯಾಹ್ನ ಇಬ್ಬರೂ ಕೂತು ಶೇಂಗಾ ಸುಲಿಯುತ್ತಿದ್ದೆವು.

"ಅತ್ತಿಗಿ, ನಿಮ್ಮೂರು ನಾ ನೋಡೀನಿ," ಎಂದ.

"ಯಾವಾಗ?"

"ಸಾಲಿಗೆ ಹೋಗಾಗ. ನಮ್ ಮಾಸ್ತರನ ಅಣ್ಣ ನಿಮ್ಮೂರಾಗ ಹೆಡ್ಮಾಸ್ತರ ಇದ್ದ. ಇನ್ಸ್‌ಪೆಕ್ಟರು ಬರ್ತಾರಂದ್ರ ನಮ್ ಮಾಸ್ತರ ಇಲ್ಲಿಂದ ಶ್ಯಾಣ್ಯಾ ಹುಡುಗರ್ನ ಲಾರಿ ಹತ್ತಿಸಿ ಕಳಸ್ತಿದ್ದ. ಮಂಡಕ್ಕಿ, ಮಿರ್ಚಿ ಹೊಟ್ಟಿ ತುಂಬ ಕೊಡ್ತಿದ್ರು. 'ನಡುವಿನ ಸಾಲಿನ್ಯಾಗ ಕುಂಡ್ರಿ, ಈ ಊರಾಗ ಎಲ್ಲಾರೂ ಅಲ್ಲೇ ಚುಚ್ಚೂದು' ಅಂದಿದ್ದ ಆ ಹೆಡ್ಮಾಸ್ತರ." ಹೇಳುತ್ತಾ ಹೇಳುತ್ತಾ ನಗು ತಡೆಯಲಾಗಲಿಲ್ಲ ಅವನಿಗೆ. "ಒಬ್ಬ ಅಕ್ಕಿ ಸಾವ್ಕಾರ ಎದ್ದು ಭಾಗಾಕಾರ ಕೇಳಿದ ನೋಡು, ನಾ ಪಟಾಕ್ಷಿ ಹಾರಿಸಿದಂಗ ಹೇಳಿಬಿಟ್ಟೆ. ಆಮ್ಯಾಲ ಒಂದು ಹುಡುಗೀನ ನಿಂದ್ರಿಸಿದ್ರು. ಪಾಪ, ಅಳಾಕ ಹತ್ತಿತು, ನೀರು ಕುಡಿಸಿದ್ರು."

"ಆ ಹುಡುಗಿ ನಾನು," ಎಂದೆ. "ನಾ ಅತ್ತಿರಲಿಲ್ಲ."

ಅವನ ಕೈಯಲ್ಲಿದ್ದ ಶೇಂಗಾ ಕೈಯಲ್ಲೇ ಉಳಿಯಿತು. ನಾನು ನನ್ನ ಪಾಲಿನದು ಸುಲಿದು ಮುಗಿಸಿ ಎದ್ದೆ.

ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿದ ವರ್ಷದ ದೀಪಾವಳಿಗೆ ತವರಿಗೆ ಹೋದೆ. ಆಗ ನನ್ನ ತಂಗಿ ಐದನೇ ಕ್ಲಾಸಿನಲ್ಲಿದ್ದಳು. ಮುಂದಿನ ಜೂನಿಗೆ ಅದೇ ಎಮ್ಮೆಯ ಶಾಲೆ ಅವಳಿಗೆ. ಅಂಗಡಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ: ಲಾರಿ, ಮಂಡಕ್ಕಿ, ನಡುಸಾಲು, ನನ್ನ ಮೈದುನ.

ಅಪ್ಪ ತೊಡೆ ತಟ್ಟಿಕೊಂಡು ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ನಡುಚೀಲಕ್ಕನ ಒಳ್ಳೆ ಕಾಳು ತುಂಬಿದ್ನ! ಕಳ್ಳ ನನ್ ಮಗ! ಅಂವ ಸಾಲ್ಯಾಗ ಯಾಕದಾನ, ಯಾಪಾರಕ್ಕ ಬರಬೇಕಿತ್ತು!" ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಕರೆದು ಕರೆದು ಹೇಳಿದ. ಅವರೂ ನಕ್ಕರು. ಒಬ್ಬ, "ಅಂಥ ಶ್ಯಾಣ್ಯಾ ಮಾಸ್ತರ ಇದ್ರ ಸಣ್ ಮಗಳನ್ನೂ ಅಲ್ಲೇ ಹಾಕ್ರಿ ಸಾವ್ಕಾರ್ರ" ಎಂದ. "ಹೌದಪಾ, ಅಲ್ಲೇ ಹಾಕಾಂವ" ಎಂದು ಅಪ್ಪ ಇನ್ನಷ್ಟು ನಕ್ಕ.

ಎಮ್ಮೆಯ ಸಗಣಿ ಎತ್ತುವಾಗ ನನಗೆ ಅಷ್ಟು ಅಸಹ್ಯ ಆಗಿರಲಿಲ್ಲ. ಅದು ಪಶು. ಇವನು ನನ್ನನ್ನು ಹೆತ್ತವನು. ತನಗೆ ಮೋಸವಾದದ್ದು ಅವನಿಗೆ ತಮಾಷೆ, ಮೋಸ ಮಾಡಿದವನ ಮೇಲೆ ಅಭಿಮಾನ. ನಾನು ಅಲ್ಲೇ ನಿಂತಿದ್ದೇನೆ ಎಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ.

"ಅಪ್ಪಾ," ಎಂದೆ, ಗಿರಾಕಿಗಳ ಮುಂದೆಯೇ. "ಅಕ್ಕಿ ಕೆಟ್ಟದ್ದು ಬಂದ್ರ ಚೀಲ ಗಾಡಿಗೆ ಹಾಕಿ ತಿರುಗಿಸಿ ಕಳಸ್ತಿ. ನನ್ನನ್ನ ಯಾರಿಗೆ ತಿರುಗಿಸಿ ಕಳಸ್ತಿ?"

ಸಣ್ಣ ಮಗಳ ಮಾತು ಎತ್ತಿದವನು ಚಪ್ಪಲಿ ಹುಡುಕಿಕೊಂಡ. ಅಪ್ಪ ಕೊಳವೆ ಕೈಗೆತ್ತಿಕೊಂಡು ಪಕ್ಕದ ಚೀಲಕ್ಕೆ ಚುಚ್ಚಿದ, ಕಾಳನ್ನು ನೋಡಲಿಲ್ಲ. "ಮನಿಗೆ ನಡಿ," ಎಂದ.

ಜೂನಿಗೆ ತಂಗಿಯನ್ನು ಬಳ್ಳಾರಿಗೆ ಕಳಿಸಿದ. ಮನಸ್ಸು ಕರಗಿತು ಎಂದು ಅವ್ವ ಹೇಳುತ್ತಿದ್ದಳು. ಕರಗಲಿಲ್ಲ. ನಾಲ್ಕು ಜನರ ಮುಂದೆ ಮಾತು ಬಂದಿತ್ತು, ಅಂಗಡಿಯ ಮರ್ಯಾದೆ ಉಳಿಸಿಕೊಂಡ. ಯಾವುದಾದರೇನು, ಹುಡುಗಿ ಬಸ್ಸು ಹತ್ತಿದಳಲ್ಲ.

ಅವಳನ್ನು ಬಿಡಲು ನಾನೇ ಹೋದೆ. ಚಿಗವ್ವ ದೊಡ್ಡ ಟೀಚರಮ್ಮನನ್ನು ಮಾತಾಡಿಸು ಬಾ ಎಂದಳು. ಅವರ ಹತ್ತಿರ ನನಗೇನು ಕೆಲಸ ಎಂದು ಶಾಲೆಯ ಹಿಂದಿನಿಂದ ಸುತ್ತಿ ಹೋದೆ. ಪಾಯಖಾನೆ ಇಲ್ಲಿಯೂ ನಾರುತ್ತಿತ್ತು. ಕುಡಿಯುವ ನೀರಿನ ಗಡಿಗೆಗೆ ಮುಚ್ಚಳವಿತ್ತು. ಊಟದ ಬಿಡುವು, ಕೋಣೆಯಲ್ಲಿ ಯಾರೂ ಇರಲಿಲ್ಲ. ಕಿಟಕಿಯಿಂದ ಇಣುಕಿದೆ. ಬೋರ್ಡಿನ ಮೇಲೆ ಒಂದು ಭಾಗಾಕಾರ. ಗೆರೆಯ ಕೆಳಗೆ ಗೆರೆ, ಅಂಕಿಯ ಕೆಳಗೆ ಅಂಕಿ, ಕೊನೆಯವರೆಗೂ ಬಿಡಿಸಿತ್ತು. ಉತ್ತರ ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ತಂಗಿಯ ಚೀಲ ಅವಳ ಕೈಗೆ ಕೊಟ್ಟು ಕುರುಗೋಡಿನ ಬಸ್ಸಿಗೆ ಹೊರಟೆ.